ಪೆರ್ನಾಳಿಗೆ ಬಂದ ಟೇಪ್‌ರೆಕಾರ್ಡರ್

ನಮ್ಮ ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಹಬ್ಬದ ಮುಂಗಡ ಎಂದು ಒಂದು ಮೊತ್ತ ಪಡೆಯಲಿಕ್ಕೆ ಅವಕಾಶವುಂಟು. ಬಡ್ಡಿಯಿಲ್ಲ, ಮುಂದಿನ ತಿಂಗಳುಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಳ್ಳುತ್ತಾರೆ. ಓಣಂ, ದೀಪಾವಳಿ, ಪೆರ್ನಾಳ್, ಕ್ರಿಸ್‌ಮಸ್ - ಯಾರಿಗೆ ಯಾವ ಹಬ್ಬ ಬೇಕೋ ಅದು. ಸಹೋದ್ಯೋಗಿಗಳು ಆ ಹಣದಲ್ಲಿ ಸೀರೆ ಕೊಳ್ಳುತ್ತಾರೆ, ಮನೆಗೆ ಸುಣ್ಣ ಬಳಿಸುತ್ತಾರೆ. ನಾನು ಹೆಡ್‌ಫೋನೋ ಸ್ಪೀಕರೋ ತೆಗೆದುಕೊಳ್ಳುತ್ತೇನೆ. ನನಗಾಗಿ ಕೊಂಡದ್ದು ಕಡಿಮೆ, ಕೊಟ್ಟದ್ದೇ ಹೆಚ್ಚು. 'ಇವನಿಗೆ ಕಿವಿಯ ಹುಚ್ಚು' ಎಂದು ಮನೆಯವಳು ಹೇಳುವುದುಂಟು. ಈ ಹುಚ್ಚು ಹೇಗೆ ಹಿಡಿಯಿತು, ಅದರ ಅಡಿಯಲ್ಲಿ ಏನಿತ್ತು ಎಂಬುದನ್ನು ಇಷ್ಟು ವರ್ಷ ಯಾರಲ್ಲೂ ಹೇಳಿರಲಿಲ್ಲ. ವಾರ್ಷಿಕಾಂಕಕ್ಕೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಬರೆಯುವುದಾದರೆ ಇದನ್ನೇ ಬರೆಯಬೇಕು ಅನ್ನಿಸಿತು.

ನಮ್ಮ ಮನೆ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಿಂದ ಒಳಗೆ, ತೋಟದ ಬದಿಯಲ್ಲಿ. ಅಪ್ಪ ಕನ್ನಡ ಶಾಲೆಯ ಮಾಸ್ಟರು. ಪಕ್ಕದ ಹಿತ್ತಿಲಿನದು ಮಲಯಾಳ ಮಾತಾಡುವ ಮಾಪಿಳ್ಳೆಯವರ ಮನೆ. ಆ ಮನೆಯ ಹಿರಿಯ ಮಗ ಅಪ್ಪನ ಶಿಷ್ಯ. ಅವರನ್ನು ನಾನು ಇಚ್ಚ ಎಂದೇ ಕರೆಯುವುದು. ಇಚ್ಚ ಕುವೈತಿಗೆ ಹೋದ ಮೇಲೆ ಅವರ ಉಮ್ಮ ಪ್ರತಿ ತಿಂಗಳೂ ನಮ್ಮ ಜಗಲಿಗೆ ಬಂದು ಕಾಗದ ಬರೆಸುತ್ತಿದ್ದರು. ಉಮ್ಮನಿಗೆ ಮಲಯಾಳ ಬಿಟ್ಟು ಬೇರೆ ಮಾತಿಲ್ಲ, ಅಕ್ಷರವಂತೂ ಇಲ್ಲವೇ ಇಲ್ಲ. ಇಚ್ಚನಿಗೆ ಓದಲಿಕ್ಕೆ ಬರುವುದು ಕನ್ನಡ ಲಿಪಿ ಮಾತ್ರ. ಹಾಗಾಗಿ ಅಪ್ಪ ಉಮ್ಮನ ಮಲಯಾಳವನ್ನು ಹೇಳಿದ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆಯುತ್ತಿದ್ದರು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಬಗ್ಗೆ ಅಪ್ಪನಿಗೆ ಕೊನೆಯವರೆಗೂ ನೋವಿತ್ತು. ಆದರೆ ಕಾಗದ ಬರೆಯುವಾಗ ಆ ನೋವು ಜಗಲಿಗೆ ಬಂದದ್ದನ್ನು ನಾನು ಕಾಣಲಿಲ್ಲ.

1987ರಲ್ಲಿ ಇಚ್ಚ ರಜೆಯಲ್ಲಿ ಬಂದರು. ಪೆರ್ನಾಳಿನ ದಿನ ಸಂಜೆ ಒಂದು ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಮ್ಮ ಅಂಗಳ ಹತ್ತಿದರು. ನ್ಯಾಷನಲ್ ಪ್ಯಾನಸೋನಿಕ್ ಟೂ-ಇನ್-ವನ್. ಆಗ ನನಗೆ ಎಂಟು ವರ್ಷ. ಅಪ್ಪ ಬೇಡವೇ ಬೇಡ ಎಂದರು. ಇಚ್ಚ ಅದನ್ನು ನೆಲಕ್ಕಿಳಿಸಿ, 'ಮಾಷೇ, ಇದು ಕಾಗದ ಬರೆದದ್ದಕ್ಕೆ ಕೂಲಿ ಅಲ್ಲ. ಇನ್ನು ಮೇಲೆ ಬರೆಯುವ ಕಷ್ಟ ಬೇಡ ಅಂತ ತಂದದ್ದು' ಎಂದರು. ಆ ಮಾತಿಗೆ ಅಪ್ಪನಲ್ಲಿ ಉತ್ತರವಿರಲಿಲ್ಲ.

ಇಚ್ಚ ಕೊಟ್ಟು ಹೋಗಿಬಿಡಲಿಲ್ಲ. ಆ ಸಂಜೆ ಎರಡು ಗಂಟೆ ಕೂತರು. ಸೂಜಿಯನ್ನು ಮಂಗಳೂರು ಆಕಾಶವಾಣಿಗೆ ತಂದು ನಿಲ್ಲಿಸಿ ತೋರಿಸಿದರು. ರೇಡಿಯೋದಲ್ಲಿ ಬರುವುದನ್ನೇ ನೇರವಾಗಿ ಟೇಪಿಗೆ ಹಿಡಿಯುವ ಬಗೆ, ಕೆಂಪು ಗುಂಡಿಯನ್ನೂ ಅದರ ಬದಿಯ ಗುಂಡಿಯನ್ನೂ ಒಟ್ಟಿಗೆ ಒತ್ತುವ ಬಗೆ ಕಲಿಸಿದರು. ಕ್ಯಾಸೆಟಿನ ಬೆನ್ನಿನಲ್ಲಿರುವ ಎರಡು ಚಿಕ್ಕ ಕಿವಿಗಳನ್ನು ತೋರಿಸಿ, ಅವನ್ನು ಮುರಿದರೆ ಅದರ ಮೇಲೆ ಮತ್ತೆ ಏನನ್ನೂ ಹಿಡಿಯಲಾಗುವುದಿಲ್ಲ, ಮುಖ್ಯವಾದದ್ದಾದರೆ ಮುರಿದಿಡಿ ಎಂದರು. ಅಪ್ಪ ತಲೆಯಾಡಿಸಿದರು. ಮುರಿಯುವುದೆಂದರೆ ಅವರಿಗೆ ಆಗದು. ಹೊಸ ವಸ್ತುವಿನ ಕಿವಿ ಯಾಕೆ ಕೀಳುವುದು ಎಂದು ಯಾವ ಕ್ಯಾಸೆಟಿನ ಕಿವಿಯನ್ನೂ ಅವರು ಮುಟ್ಟಲಿಲ್ಲ.

ಆ ಯಂತ್ರ ಬಂದ ಮೇಲೆ ನಮ್ಮ ಮನೆ ಬದಲಾಯಿತು. ಅಪ್ಪ ಅದನ್ನು ತಾಳಮದ್ದಳೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಬಲಿಪ ನಾರಾಯಣ ಭಾಗವತರ ಪದ - ರಾತ್ರಿಯೆಲ್ಲ ಹಿಡಿದು ತರುವುದು, ವಾರವಿಡೀ ಕೇಳುವುದು. ಆ ಯಂತ್ರದೊಳಗಿನ ಪುಟ್ಟ ಮೈಕಿಗೆ ಒಂದು ಗುಣವಿತ್ತು. ಸದ್ದು ಜೋರಾದರೆ ತಾನಾಗಿಯೇ ತಗ್ಗಿಸುವುದು, ಸದ್ದು ನಿಂತರೆ ತಾನಾಗಿಯೇ ಏರಿಸುವುದು. ಚೆಂಡೆಗೆ ಏಟು ಬಿದ್ದ ಕೂಡಲೇ ಭಾಗವತರ ಸ್ವರ ಕೆಳಗೆ ಮುಳುಗಿ ಮೆಲ್ಲಮೆಲ್ಲನೆ ಮೇಲೆ ಬರುತ್ತಿತ್ತು. ಮಾತಿನ ನಡುವೆ ಎಲ್ಲರೂ ಸುಮ್ಮನಾದರೆ ಜೀರುಂಡೆಯ ಸದ್ದು, ಯಾರದೋ ಕೆಮ್ಮು ದೊಡ್ಡದಾಗಿ ಕೇಳುತ್ತಿತ್ತು. ಅದು ದೋಷವೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಆಗ ನನಗೆ ಆ ಜೀರುಂಡೆಯೇ ಹೆಚ್ಚು ಇಷ್ಟ.

ಕಾಗದದ ಜಾಗದಲ್ಲಿ ಕ್ಯಾಸೆಟ್ ಹೋಗತೊಡಗಿತು. ಒಂದು ಮಗ್ಗುಲಿಗೆ ಮೂವತ್ತು ನಿಮಿಷದಂತೆ ಅರುವತ್ತು ನಿಮಿಷದ ಕ್ಯಾಸೆಟ್. ಉಮ್ಮ ನಮ್ಮ ಜಗಲಿಯಲ್ಲಿ ಕೂತು ಮಗನಲ್ಲಿ ಮಾತಾಡುತ್ತಿದ್ದರು. ಮೊದಮೊದಲು ಯಂತ್ರವನ್ನು ನೋಡಿ ನಾಚಿಕೆ. ಆಮೇಲೆ ಅಭ್ಯಾಸವಾಗಿ ಬೈಗಳು, ನಗು, ಅಳು ಎಲ್ಲ. ಅಪ್ಪ ಗುಂಡಿ ಒತ್ತಿ ಬದಿಯಲ್ಲಿ ಕೂತಿರುವರು. ಊರಿನಿಂದ ಕುವೈತಿಗೆ ಯಾರಾದರೂ ಹೋಗುವಾಗ ಅವರ ಕೈಯಲ್ಲಿ ಕ್ಯಾಸೆಟ್ ಕೊಟ್ಟುಕಳುಹಿಸುವುದು. ಎರಡು ತಿಂಗಳಾದ ಮೇಲೆ ಆ ಕಡೆಯಿಂದ ಇಚ್ಚನ ಸ್ವರ ಬರುವುದು.

1990ರ ಆಟಿ ತಿಂಗಳಲ್ಲಿ ಉಮ್ಮ ಒಂದು ಕ್ಯಾಸೆಟಿನ ಮೊದಲ ಮಗ್ಗುಲು ತುಂಬ ಮಾತಾಡಿದರು. ಇಚ್ಚನ ಹೆಂಡತಿ ತವರಿನಲ್ಲಿದ್ದುದರಿಂದ ಎರಡನೆಯ ಮಗ್ಗುಲು ಖಾಲಿಯಿತ್ತು. ಅಪ್ಪ ಚೀಟಿಯ ಮೇಲೆ ಪೆನ್ಸಿಲಿನಲ್ಲಿ 'ಉಮ್ಮ - ಆಟಿ' ಎಂದು ಬರೆದಿಟ್ಟರು. ಅದನ್ನು ಒಯ್ಯಬೇಕಾಗಿದ್ದವರು ಆಗಸ್ಟಿನ ಮೊದಲ ವಾರದಲ್ಲಿ ಹೊರಡುವವರಿದ್ದರು. ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಹೋಗುವವರು ನಿಂತರು, ಅಲ್ಲಿದ್ದವರ ಸುದ್ದಿಯೂ ನಿಂತಿತು. ಉಮ್ಮ ದಿನಕ್ಕೆ ಮೂರು ಸಲ ವಾರ್ತೆ ಕೇಳಲಿಕ್ಕೆ ಬರುತ್ತಿದ್ದರು. ಅವರಿಗೆ ಕನ್ನಡ ವಾರ್ತೆ ಅರ್ಥವಾಗದು. ಅಪ್ಪ ಮಲಯಾಳದಲ್ಲಿ ಹೇಳುವರು. ಹೇಳುವಾಗ ಕೆಲವನ್ನು ಬಿಡುತ್ತಿದ್ದರೆಂದು ನನಗೆ ಗೊತ್ತಾಗುತ್ತಿತ್ತು.

ಇನ್ನು ನನ್ನ ವಿಷಯ. ಆಗ ನನಗೆ ಹನ್ನೊಂದು. ರೇಡಿಯೋದ ಚಿತ್ರಗೀತೆಗಳನ್ನು ಹಿಡಿಯುವ ಆಸೆ. ಖಾಲಿ ಕ್ಯಾಸೆಟ್ ಕೊಳ್ಳಲಿಕ್ಕೆ ದುಡ್ಡಿಲ್ಲ. ಅಪ್ಪನ ತಾಳಮದ್ದಳೆ ಕ್ಯಾಸೆಟುಗಳನ್ನು ಮುಟ್ಟಿದರೆ ಪೆಟ್ಟು ಖಂಡಿತ. ಉಮ್ಮನದು ಹೇಗೂ ಹೋಗುವುದಿಲ್ಲವಲ್ಲ, ಅವರು ಮತ್ತೊಮ್ಮೆ ಮಾತಾಡಬಹುದಲ್ಲ ಎಂದು ಯೋಚಿಸಿದೆ. ತಿಳಿಯದೆ ಮಾಡಿದೆನೆಂದು ಹೇಳಲಾರೆ. ಚೀಟಿ ಓದಿಯೇ ಕ್ಯಾಸೆಟ್ ಹಾಕಿದೆ. ಅಪ್ಪ ಮನೆಯಲ್ಲಿಲ್ಲದ ಒಂದು ಸಂಜೆ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದೆ. ಎರಡನೆಯ ಮಗ್ಗುಲು ಖಾಲಿಯಿದ್ದುದು ಆಗ ನೆನಪಾಗಲಿಲ್ಲ. ಐದಾರು ಹಾಡುಗಳು ಆಗಿದ್ದಿರಬೇಕು, ಮಳೆಗೆ ಕರೆಂಟು ಹೋಯಿತು. ಗುಂಡಿಯನ್ನು ಬಿಡಿಸಿ ಕ್ಯಾಸೆಟನ್ನು ತೆಗೆದಿಟ್ಟೆ.

ಸೆಪ್ಟೆಂಬರಿನಲ್ಲಿ ಉಮ್ಮ ತೀರಿಕೊಂಡರು. ನಾಲ್ಕು ದಿನದ ಜ್ವರ. ಆ ಹೊತ್ತಿಗೆ ಕುವೈತಿನಲ್ಲಿ ಸಿಕ್ಕಿಬಿದ್ದ ನಮ್ಮವರನ್ನು ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾದ ವಿಮಾನಗಳು ಕರೆತರುತ್ತಿದ್ದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹಾಗೆ ಬಂದರು. ಇಚ್ಚ ಒಂದು ಕೈಚೀಲ ಹಿಡಿದು ಬಂದಿಳಿದಾಗ ಉಮ್ಮ ಹೋಗಿ ಮೂರು ವಾರ.

ಅವರು ಬಂದ ಮರುದಿನ ಅಪ್ಪ, 'ನಿನ್ನ ತಾಯಿ ನಿನಗೆಂದು ಮಾತಾಡಿದ ಕ್ಯಾಸೆಟ್ ಒಂದುಂಟು' ಎಂದು ಕಪಾಟು ತೆರೆದರು. ಅದು ಅಲ್ಲಿರಲಿಲ್ಲ. ಉಮ್ಮ ತೀರಿದ ದಿನವೇ ನಾನದನ್ನು ಬಿಸ್ಕತ್ತಿನ ಖಾಲಿ ಡಬ್ಬಿಯೊಳಗೆ ಹಾಕಿ ಅಟ್ಟದ ಮೂಲೆಯಲ್ಲಿ ಇಟ್ಟಿದ್ದೆ. ಅಪ್ಪ ಇಡೀ ಮನೆ ಹುಡುಕಿದರು. ನಾನೂ ಅವರೊಟ್ಟಿಗೆ ಹುಡುಕಿದೆ. ಕೊನೆಗೆ ಅಪ್ಪ, ಯಾವ ತಪ್ಪಿಗೂ ಯಾರ ಮುಂದೆಯೂ ತಲೆ ತಗ್ಗಿಸದ ಮಾಸ್ಟರು, ತನ್ನ ಶಿಷ್ಯನ ಮುಂದೆ ಕೈಮುಗಿದು, 'ಎಲ್ಲಿಟ್ಟೆನೋ ಗೊತ್ತಾಗುವುದಿಲ್ಲ ಮಗ, ಕಳೆದುಬಿಟ್ಟೆ' ಎಂದರು.

ಆಮೇಲಿನ ಕಥೆ ಎಲ್ಲರದೂ ಹೌದು. ಓದಿದೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ಬ್ಯಾಂಕಿನ ಪರೀಕ್ಷೆ ಬರೆದೆ. ಹತ್ತನೆಯ ತರಗತಿ ಪಾಸಾದ ವರ್ಷ ದೀಪಾವಳಿಗೆ ಮುಂಬಯಿಯ ಸೋದರಮಾವ ಒಂದು ವಾಕ್‌ಮನ್ ತಂದರು. ಕಿವಿಗೆ ಹಾಕಿಕೊಂಡ ಕೂಡಲೇ ಹಾಡು ತಲೆಯ ಒಳಗೇ ಹುಟ್ಟಿದ ಹಾಗೆ. ಅಂದಿನಿಂದ ಎಲ್ಲಿ ಒಳ್ಳೆಯ ಧ್ವನಿ ಕೇಳಿದರೂ ಕಾಲು ನಿಲ್ಲುತ್ತದೆ. ಮುಂದೆ ಓದಿ ತಿಳಿದ ಒಂದು ಸಂಗತಿ: 1979ರ ಜುಲೈ 1ರಂದು ಜಪಾನಿನಲ್ಲಿ ಸೋನಿ ಕಂಪೆನಿಯ ಮೊದಲ ವಾಕ್‌ಮನ್ ಮಾರಾಟಕ್ಕೆ ಬಂದಾಗ ಅದರಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತು ಎರಡಿದ್ದವು. ಒಬ್ಬನೇ ಕೇಳುವುದು ಪಕ್ಕದವನಿಗೆ ಮರ್ಯಾದೆಗೇಡು ಎಂಬ ಅಳುಕು ಕಂಪೆನಿಯ ಹಿರಿಯರಿಗಿತ್ತಂತೆ. ಆಮೇಲಿನವುಗಳಲ್ಲಿ ಒಂದೇ ತೂತು. ಜನ ಒಬ್ಬೊಬ್ಬರೇ ಕೇಳಲಿಕ್ಕೆ ಬೇಗ ಕಲಿತರು.

ನಾನು ಕೊಡಲಿಕ್ಕೆ ಸುರುಮಾಡಿದ್ದು ಕೆಲಸ ಸಿಕ್ಕಿದ ಮೇಲೆ. ಮೊದಲ ಉಡುಗೊರೆ ಹಾಳಾಯಿತು. ಬಾವನಿಗೆಂದು ಒಳ್ಳೆಯ ಇಯರ್‌ಫೋನ್ ಕೊಂಡು, ಸುತ್ತಿದ ಕಾಗದದ ಸಮೇತ ಕೈಗಿತ್ತು ಬಸ್ಸು ಹಿಡಿದೆ. ಮುಂದಿನ ದೀಪಾವಳಿಗೆ ಹೋದರೆ ಅದು ಕಪಾಟಿನಲ್ಲಿ ಹಾಗೇ ಇತ್ತು, ಕಾಗದವನ್ನೂ ಬಿಚ್ಚಿರಲಿಲ್ಲ. 'ಬೆಲೆಬಾಳುವುದಲ್ಲವೋ, ಹಾಳಾಗುವುದು ಬೇಡ ಅಂತ' ಎಂದ. ತಪ್ಪು ಅವನದಲ್ಲ. ಸೀರೆಯನ್ನಾದರೆ ಕೊಟ್ಟು ಬರಬಹುದು, ಉಡುವುದು ಹೇಗೆಂದು ಅವರಿಗೆ ಗೊತ್ತು. ಕೇಳುವ ವಸ್ತುವನ್ನು ಕೊಡುವವನು ಕೂರಬೇಕು. ಕೊಡಲಿರುವವರಿಗೆ ಬಾಯಿಪಾಠವಾದ ಒಂದು ಹಾಡನ್ನೇ ಹಾಕಿ ಕೇಳಿಸಬೇಕು. ಅವರಿಗೆ ಗೊತ್ತಿರುವ ಹಾಡಿನಲ್ಲಿ ಗೊತ್ತೇ ಇಲ್ಲದಿದ್ದ ಒಂದು ತಾಳದ ಸದ್ದೋ ಉಸಿರೋ ಕೇಳಿದಾಗ ಮುಖ ಬದಲಾಗುತ್ತದೆ. ಉಡುಗೊರೆ ಕೈಸೇರುವುದು ಆಗಲೇ. 1987ರಲ್ಲಿ ಇಚ್ಚ ಎರಡು ಗಂಟೆ ಕೂತದ್ದು ಯಾಕೆಂದು ನನಗೆ ಹಾಗೆ ತಿಳಿಯಿತು.

2014ರ ದೀಪಾವಳಿಗೆ ಅಪ್ಪನಿಗೆ ಹೆಡ್‌ಫೋನ್ ಕೊಟ್ಟೆ. ಅವರ ಕಿವಿ ಮಂದವಾಗಿತ್ತು. ವಯಸ್ಸಾದಾಗ ಮೊದಲು ಹೋಗುವುದು ತಾರದ ಸ್ವರಗಳು. ಸ, ಶ, ಫ ಇಂಥ ಅಕ್ಷರಗಳು ಕರಗಿ ಹೋಗುತ್ತವೆ. ಸದ್ದು ಕೇಳುತ್ತದೆ, ಮಾತು ಬಿಡಿಸಲಿಕ್ಕೆ ಬರುವುದಿಲ್ಲ. ಶ್ರವಣಯಂತ್ರ ಬೇಡವೆಂದು ಹಟ. ಹೆಡ್‌ಫೋನ್ ಅದಕ್ಕೆ ಬದಲಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕಿವಿಯನ್ನು ಮೆತ್ತಗೆ ಮುಚ್ಚುವಂಥದ್ದನ್ನು ಹುಡುಕಿ ತಂದು, ಅವರ ಹಳೆಯ ತಾಳಮದ್ದಳೆಯೊಂದಕ್ಕೆ ತಾರದ ಭಾಗವನ್ನು ಸ್ವಲ್ಪ ಏರಿಸಿ ಹಾಕಿದೆ. 2006ರಲ್ಲಿ ತೀರಿಹೋದ ಶೇಣಿಯವರು ಅಪ್ಪನ ಕಿವಿಯಲ್ಲಿ ಮತ್ತೆ ಮಾತಾಡಿದರು. ಅಪ್ಪ ಕಣ್ಣು ಮುಚ್ಚಿ ಕೇಳಿದರು. ತೆಗೆದಿಡುವಾಗ ಒಂದು ಮಾತು ಹೇಳಿದರು: 'ಆ ಉಮ್ಮನ ಕ್ಯಾಸೆಟ್ ಸಿಕ್ಕಿದ್ದರೆ ಇದರಲ್ಲಿ ಹಾಕಿ ಅವನಿಗೆ ಕೇಳಿಸಬಹುದಿತ್ತು.'

ಇಪ್ಪತ್ತನಾಲ್ಕು ವರ್ಷ ಕಳೆದಿತ್ತು. ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದಿತ್ತು. ನಾನು ಹೆಡ್‌ಫೋನಿನ ವಯರು ಸುತ್ತುತ್ತಾ ಕೂತೆ. 2019ರಲ್ಲಿ ಅಪ್ಪ ತೀರಿಕೊಂಡರು.

ಡಬ್ಬಿಯನ್ನು ಅಟ್ಟದಿಂದ ಇಳಿಸಿದ್ದು 2023ರ ಮಳೆಗಾಲ ಮುಗಿದ ಮೇಲೆ. ತುಕ್ಕು ಹಿಡಿದ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕಾಯಿತು. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಅಂಟು ಬಿಟ್ಟು ಉದುರಿತ್ತು. ಹಳೆಯ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಲ್ಲಿಗೆ ಒಯ್ದೆ. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಅವರ ಮನೆಯಲ್ಲಿ ಉಪಕರಣಗಳೆಲ್ಲ ಇದ್ದವು. ಅವರು ಕ್ಯಾಸೆಟಿನ ಐದು ಸ್ಕ್ರೂಗಳನ್ನು ಬಿಚ್ಚಿ, ಸುರುಳಿಯನ್ನು ಕೈಯಲ್ಲೇ ಮೆಲ್ಲನೆ ತಿರುಗಿಸುತ್ತಾ ಒಣ ಹತ್ತಿಯಲ್ಲಿ ಬೂಷ್ಟು ಒರೆಸಿ, ಬೇರೊಂದು ಒಳ್ಳೆಯ ಚಿಪ್ಪಿನೊಳಗೆ ಕೂರಿಸಿದರು. ಆ ವರ್ಷದ ಹಬ್ಬದ ಮುಂಗಡದಲ್ಲಿ ನಾನು ಹಳೆಯ ಸೋನಿ ಡೆಕ್ ಒಂದನ್ನು ಕೊಂಡಿದ್ದೆ. ಅದಕ್ಕೆ ಹೊಸ ಬೆಲ್ಟ್ ಹಾಕಿ, ಹೆಡ್ಡನ್ನು ಸ್ಪಿರಿಟಿನಿಂದ ಒರೆಸಿ ಕೊಟ್ಟರು.

'ಅಳಿಸಿದ್ದರ ಅಡಿಯಲ್ಲಿ ಮೊದಲಿನದು ಸ್ವಲ್ಪವಾದರೂ ಉಳಿದಿರುವುದುಂಟೇ?' ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. 'ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದ ಹಾಗೆ. ಅಳಿಸುವ ಹೆಡ್ಡು ಮುಂದೆ, ಬರೆಯುವ ಹೆಡ್ಡು ಹಿಂದೆ. ಒರೆಸಿಯೇ ಬರೆಯುವುದು' ಎಂದರು.

ಇಪ್ಪತ್ತಮೂರು ನಿಮಿಷ ಚಿತ್ರಗೀತೆ. ಆಮೇಲೆ ಟಕ್ ಎಂದು ಒಂದು ಸದ್ದು. ಅದರ ಹಿಂದೆಯೇ ಉಮ್ಮ. ಮೊದಲು ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿತ್ತು. ಹೆಡ್ಡಿನ ಬದಿಯಲ್ಲಿ ಒಂದು ಸಣ್ಣ ಸ್ಕ್ರೂ ಉಂಟು. ಹೆಡ್ಡಿನ ಸೀಳು ಟೇಪಿಗೆ ನೇರ ಅಡ್ಡವಾಗಿ ನಿಲ್ಲುವಂತೆ ಅದನ್ನು ತಿರುಗಿಸಬೇಕು. ಹಿಡಿದ ಯಂತ್ರದ ಓರೆಯೂ ಕೇಳಿಸುವ ಯಂತ್ರದ ಓರೆಯೂ ಹೊಂದದಿದ್ದರೆ ತಾರದ ಸ್ವರಗಳೆಲ್ಲ ಮಂಕಾಗುತ್ತವೆ. ಹಿರಿಯರು ಕೂದಲೆಳೆಯಷ್ಟು ತಿರುಗಿಸಿದರು. ಕಂಬಳಿ ಸರಿಯಿತು. ಉಮ್ಮ ಎದುರಿನಲ್ಲೇ ಕೂತರು.

ಏಳು ನಿಮಿಷ. ಹಲಸಿನ ಮರದ ಗೆಲ್ಲು ಮುರಿದದ್ದು, ದನ ಕರು ಹಾಕಿದ್ದು, ಹಂಚಿನ ಮಾಡು ಸೋರುವುದು. ಅವರು ಮಾತು ನಿಲ್ಲಿಸಿದಾಗೆಲ್ಲ ಆ ಮೈಕಿನ ಗುಣದಿಂದ ಹಿಂದಿನ ಸದ್ದು ಮೇಲೇರುತ್ತಿತ್ತು - ಮಳೆ, ಬಾವಿಯ ರಾಟೆ. ಒಮ್ಮೆ ಅಪ್ಪನ ಸ್ವರ, ನನ್ನ ಈಗಿನ ವಯಸ್ಸಿನ ಅಪ್ಪ, ಕನ್ನಡದ ಎಳೆತವಿರುವ ಮಲಯಾಳದಲ್ಲಿ, ಇನ್ನೇನಾದರೂ ಹೇಳಲಿಕ್ಕುಂಟೋ ಎಂದು ಕೇಳುತ್ತಾರೆ. ಉಮ್ಮ ನೆನಪಿಸಿಕೊಂಡು ಹೇಳುತ್ತಾರೆ: ಬರುವಾಗ ಮಾಷಿನ ಹುಡುಗನಿಗೆ ಒಂದು ಖಾಲಿ ಕ್ಯಾಸೆಟ್ ತಾ, ಯಾವಾಗ ನೋಡಿದರೂ ಈ ಪೆಟ್ಟಿಗೆಯ ಎದುರೇ ಕೂತಿರುತ್ತಾನೆ.

ಹಿರಿಯರು ಕ್ಯಾಸೆಟನ್ನು ನಿಲ್ಲಿಸಿ, ಚಾ ತರುತ್ತೇನೆಂದು ಒಳಗೆ ಹೋದರು.

ಆ ಏಳು ನಿಮಿಷವನ್ನು ಕಂಪ್ಯೂಟರಿಗೆ ಇಳಿಸಿದೆ. ಕೊರೆತದ ಸದ್ದನ್ನು ತೆಗೆಯುವ ವಿದ್ಯೆ ಈಗ ಉಂಟು. ತೆಗೆದು ನೋಡಿದೆ, ಕೊರೆತದೊಟ್ಟಿಗೆ ಉಮ್ಮನ ಉಸಿರೂ ಹೋಯಿತು. ಇದ್ದ ಹಾಗೆಯೇ ಇಟ್ಟೆ.

2024ರ ಏಪ್ರಿಲಿನಲ್ಲಿ ಪೆರ್ನಾಳೂ ವಿಷುವೂ ಒಂದು ವಾರದೊಳಗೇ ಬಂದಿದ್ದವು. ಪೆರ್ನಾಳಿನ ಸಂಜೆ ಚಿಕ್ಕದೊಂದು ಪ್ಲೇಯರ್, ಎರಡು ಹೆಡ್‌ಫೋನ್, ಎರಡನ್ನೂ ಒಂದೇ ತೂತಿಗೆ ಸಿಕ್ಕಿಸುವ ಕವಲು, ಜತೆಗೆ ಆ ಮೂಲ ಕ್ಯಾಸೆಟ್ - ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಇಚ್ಚನ ಮನೆಗೆ ಹೋದೆ. ಅವರು ಗಲ್ಫ್ ಬಿಟ್ಟು ಬಂದು ಎಷ್ಟೋ ವರ್ಷ. ಈಗ ಮೊಮ್ಮಕ್ಕಳೊಂದಿಗೆ ಇದ್ದಾರೆ. ಮೊದಲು ಹೇಳಿದೆ, ಆಮೇಲೆ ಕೇಳಿಸಿದೆ. ಬೇರೆ ಕ್ರಮ ಸರಿಯಾಗದು ಅನ್ನಿಸಿತ್ತು. ಗುಂಡಿ ಒತ್ತಿದ್ದು, ಅಡಗಿಸಿಟ್ಟದ್ದು, ಅಪ್ಪನೊಟ್ಟಿಗೆ ಹುಡುಕಿದ ಹಾಗೆ ಮಾಡಿದ್ದು - ಎಲ್ಲ.

ಅವರು ಏನೂ ಹೇಳದೆ ಹೆಡ್‌ಫೋನ್ ಹಾಕಿಕೊಂಡರು. ಇನ್ನೊಂದನ್ನು ನಾನು ಹಾಕಿಕೊಂಡೆ. ಏಳು ನಿಮಿಷವೂ ಅವರ ಕೈ ಮಣಿಯ ಮೇಲೆ ಅಲುಗಾಡದೆ ಇತ್ತು. ಮುಗಿದಾಗ ಒಂದು ಕಿವಿಯನ್ನು ಮಾತ್ರ ಸರಿಸಿ ಕೇಳಿದರು: 'ಇದಕ್ಕೆ ಮೊದಲು ಎಷ್ಟಿತ್ತು?'

'ಇಪ್ಪತ್ತಮೂರು ನಿಮಿಷ.'

ತುಂಬ ಹೊತ್ತಾದ ಮೇಲೆ ಹೇಳಿದರು: 'ನನಗೆ ಹೇಳಿದ್ದು ಸರಿ. ಮಾಷಿಗೆ ಹೇಳಬೇಕಾಗಿತ್ತು ನೀನು. ಅವರು ನನ್ನಲ್ಲಿ ಮೂರು ಸಲ ಕ್ಷಮೆ ಕೇಳಿದ್ದಾರೆ, ಗೊತ್ತುಂಟಾ? ಕೊನೆಯ ಸಲ ಆಸ್ಪತ್ರೆಯಲ್ಲಿ.'

ನನಗೆ ಗೊತ್ತಿರಲಿಲ್ಲ.

ಅವರು ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ನಾನು ಎದ್ದು ಬಂದೆ. ವಿಷುವಿನ ದಿನ ಬೆಳಿಗ್ಗೆ ಅವರ ಮೊಮ್ಮಗಳು ಬಂದು, 'ಉಪ್ಪೂಪ್ಪ ಕರೀತಾರೆ' ಎಂದಳು. ಹೋದರೆ ಜಗಲಿಯಲ್ಲಿ ಪ್ಲೇಯರ್ ಇಟ್ಟುಕೊಂಡು ಕೂತಿದ್ದರು. 'ಮಾಷ್ ಮಾತಾಡುವ ಜಾಗ ಉಂಟಲ್ಲ, ಅಲ್ಲಿ ಮಳೆಯ ಸದ್ದು ಜಾಸ್ತಿ. ನನಗೆ ಸರಿ ಹಿಡಿಯಲಿಕ್ಕೆ ಆಗುವುದಿಲ್ಲ. ಅವರು ಹೇಳುವುದೇನು?' ಎಂದರು. ಕೂತು ಮೂರು ಸಲ ಹಾಕಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. ಆಮೇಲೆ ಇನ್ನೊಂದು ಹೆಡ್‌ಫೋನನ್ನು ಮೊಮ್ಮಗಳಿಗೆ ಹಾಕಿಸಿದರು. ಅವಳು ಕೇಳಿ, ಈ ಅಜ್ಜಿ ಯಾಕೆ ಇಷ್ಟು ಜೋರಾಗಿ ಮಾತಾಡುವುದೆಂದು ನಕ್ಕಳು. ಕುವೈತ್ ದೂರವಲ್ಲವೋ, ಅದಕ್ಕೆ ಎಂದರು ಇಚ್ಚ.

ನನ್ನ ಮಗಳು ದಿನವಿಡೀ ಕಿವಿಯಲ್ಲಿ ಏನನ್ನಾದರೂ ಸಿಕ್ಕಿಸಿಕೊಂಡೇ ಇರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ದೊಡ್ಡವರಿಗೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75. ಇದನ್ನು ಅವಳಿಗೆ ಹೇಳಿ ಸಾಕಾಗಿದೆ. ಮೊನ್ನೆ ದೀಪಾವಳಿಗೆ ಅವಳಿಗೂ ಒಂದು ಒಳ್ಳೆಯ ಹೆಡ್‌ಫೋನ್ ಕೊಟ್ಟೆ. ಒಳ್ಳೆಯದರಲ್ಲಿ ಸದ್ದು ತಗ್ಗಿಸಿದರೂ ಮಾತು ಬಿಡಿಯಾಗಿ ಕೇಳುತ್ತದೆ ಎಂಬುದು ಒಂದು ಕಾರಣ. ಕೊಟ್ಟ ಮೇಲೆ ಬದಿಯಲ್ಲಿ ಕೂತೆ. ಮೊದಲು ಅವಳಿಗೆ ಇಷ್ಟವಾದ ಹಾಡು ಹಾಕಿದೆ. ಎರಡನೆಯದಾಗಿ ಅವಳ ಅಜ್ಜ ಕನ್ನಡದ ಎಳೆತದ ಮಲಯಾಳದಲ್ಲಿ ಕೇಳುವ ಆ ಒಂದು ಮಾತನ್ನು ಹಾಕಿದೆ. 'ಇದು ಯಾರು?' ಎಂದಳು. ಹೇಳಿದೆ. ಆಮೇಲೆ ಉಳಿದ ಕಥೆಯನ್ನೂ ಹೇಳಿದೆ.

ಓದುಗರ ಮನೆಗಳಲ್ಲೂ ಅಟ್ಟದ ಮೇಲೆ ಇಂಥ ಡಬ್ಬಿಗಳು ಇರಬಹುದು. ಮಳೆಗಾಲಕ್ಕೆ ಮೊದಲು ಇಳಿಸಿ ನೋಡಿ. ಬೂಷ್ಟು ಹಿಡಿದ ಕ್ಯಾಸೆಟನ್ನು ಒರೆಸದೆ ಯಂತ್ರಕ್ಕೆ ಹಾಕಬೇಡಿ. ಬೆನ್ನಿನ ಕಿವಿಗಳು ಇನ್ನೂ ಇದ್ದರೆ ಮೊದಲು ಅವನ್ನು ಮುರಿದುಬಿಡಿ.